ಕಾಲ್ಗಳ ನಡುವಿನ ಗೋಲು

ಊರಿನ ಎಲ್ಲ ಮಕ್ಕಳಂತೆ ಶಶಿಕಲಾಳಿಗೂ ಹತ್ತನೇ ವಯಸ್ಸಿನಲ್ಲಿ ಎತ್ತರ ಬೆಳೆಸುವ ಲಸಿಕೆ ಹಾಕಿಸಿದ್ದರು. ಅವಳು ಏಳೂವರೆ ಅಡಿ ಬೆಳೆದಳು. ತಂಗಿ ಗಿರಿಜಾಳ ಮೈಗೆ ಲಸಿಕೆ ಹತ್ತಲಿಲ್ಲ, ಐದಡಿಗೇ ನಿಂತುಬಿಟ್ಟಳು. ಗಿಡ್ಡಿಯೆಂದು ಹಾಕಿ ಲೀಗಿನ ಹರಾಜಿನಲ್ಲಿ ಅವಳ ಹೆಸರನ್ನು ಯಾರೂ ಕೂಗಲಿಲ್ಲ. ಶಶಿಕಲಾಳನ್ನು ಒಂದು ತಂಡ ಕೊಂಡಿತು, ಆದರೆ ಎರಡು ವರ್ಷದಿಂದ ಬೆಂಚಿನ ಮೇಲೆಯೇ ಕೂರಿಸಿತ್ತು.

ಆ ಭಾನುವಾರ ಬೆಟಗೇರಿಯ ಮೈದಾನದಲ್ಲಿ ತಂಡದ ಅಭ್ಯಾಸ ಪಂದ್ಯಕ್ಕೆ ಒಬ್ಬಳು ಕಡಿಮೆ ಬಿದ್ದಳು. ಅಕ್ಕನಿಗೆ ಬುತ್ತಿ ತಂದಿದ್ದ ಗಿರಿಜಾಳನ್ನೇ ಎದುರು ಕಡೆಗೆ ಇಳಿಸಿದರು. ಎತ್ತರದ ಆಟಗಾರ್ತಿಯರು ಬಗ್ಗಿ ಚೆಂಡು ತಡೆಯುವಷ್ಟರಲ್ಲಿ ಅವಳು ಎಲ್ಲರನ್ನೂ ದಾಟಿರುತ್ತಿದ್ದಳು. ಕೊನೆಯ ಗೋಲನ್ನಂತೂ ಶಶಿಕಲಾಳ ಕಾಲುಗಳ ನಡುವಿನಿಂದಲೇ ಹೊಡೆದಳು. ಮೈದಾನವೆಲ್ಲ ನಕ್ಕಿತು.

ತರಬೇತುದಾರ ಹಿರೇಮಠರು ಅಲ್ಲೇ ಗಿರಿಜಾಳಿಗೆ ಒಪ್ಪಂದ ಕೊಟ್ಟರು. ಮುಂದಿನ ಪಂದ್ಯದಿಂದಲೇ ಆಡಬೇಕು ಎಂದರು.

“ಅಕ್ಕಾ, ನನ್ನೂ ತಗೊಂಡ್ರು!” ಗಿರಿಜಾ ಓಡಿಬಂದಳು.

ಶಶಿಕಲಾ ತಾನು ಎರಡು ವರ್ಷ ಕೂತಿದ್ದ ಬೆಂಚಿನತ್ತ ನೋಡಿದಳು.

“ಈಕಿ ನಿನ್ನ ತಂಗಿ ಏನವಾ? ಮೊದ್ಲ ಯಾಕ ಹೇಳಲಿಲ್ಲ?” ಎಂದು ಹಿರೇಮಠರು ಕೇಳಿದರು.

“ತಂಗಿ ಅಲ್ರಿ ಸರ್. ನಮ್ಮ ಓಣಿಯಾಕಿ,” ಎಂದಳು ಶಶಿಕಲಾ.

ಗಿರಿಜಾ ಕತ್ತೆತ್ತಿ ಅಕ್ಕನ ಮುಖ ನೋಡಿದಳು. ಶಶಿಕಲಾ ಬಗ್ಗಲಿಲ್ಲ.