ಚೀಲದ ತೂಕ

ಗಿರಾಕಿಗಳ ಚೀಲಕ್ಕೆ ಯಾವತ್ತೂ ಕೈ ಹಾಕಬಾರದು, ಅಂಗಡಿಯ ಮರ್ಯಾದೆ ಹೋಗುತ್ತದೆ ಎಂದು ಯಜಮಾನರು ಮೊದಲ ದಿನವೇ ತಾಕೀತು ಮಾಡಿದ್ದರು. ಹಾಗಾಗಿ, ಸೆರಗು ಹೊದ್ದ ಹೆಂಗಸೊಬ್ಬಳು ಬೇಳೆಯ ಸಾಲಿನಲ್ಲಿ ಮೂರು ಸಲ ಸುಳಿದಾಡಿದಾಗ ದಿನಸಿ ಅಂಗಡಿಯ ಹೊಸ ಮ್ಯಾನೇಜರ್ ವಿರೂಪಾಕ್ಷ ಬೇರೊಂದು ಉಪಾಯ ಹುಡುಕಿದ.

ದುಡ್ಡು ಕೊಟ್ಟು ಹೊರಟವಳನ್ನು ಬಾಗಿಲಲ್ಲೇ ತಡೆದು, "ಅಮ್ಮಾ, ಚೀಲ ಒಂದ್ಸಲ ತಕ್ಕಡಿ ಮೇಲಿಡಿ," ಎಂದ.

"ಯಾಕಪ್ಪಾ? ನಾನು ಕದ್ದಿದೀನಿ ಅಂತಾನಾ?"

"ನಾನು ಹಾಗಂದ್ನಾ? ಬಿಲ್ಲಲ್ಲಿ ಅಕ್ಕಿ, ಬೇಳೆ, ಸಕ್ಕರೆ ಸೇರಿ ಹತ್ತು ಕೆಜಿ ಇದೆ. ಅದಕ್ಕಿಂತ ಜಾಸ್ತಿ ಬರದಿದ್ರೆ ಎಲ್ಲರ ಮುಂದೆ ಕೈಮುಗಿದು ಕಳಿಸ್ತೀನಿ."

ಸುತ್ತ ಇದ್ದವರೆಲ್ಲ ಕತ್ತು ಚಾಚಿದರು. ಹೆಂಗಸಿನ ಕಣ್ಣು ತುಂಬಿ ಬಂತು. ಅಂಗಡಿಯಲ್ಲೇ ಕಟ್ಟಿಟ್ಟ ಪೊಟ್ಟಣಗಳಿದ್ದ ಆ ಚೀಲವನ್ನು ಅವಳು ತರಕಾರಿ ತೂಗುವ ತಕ್ಕಡಿಯ ಮೇಲಿಟ್ಟಳು.

ವಿರೂಪಾಕ್ಷ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದ.

"ಎಂಟೂವರೆ ಕೆಜಿ."

ಸಾಮಾನು ಕೊಂಡು ಹೊರಟಿದ್ದ ಮೇಷ್ಟರೊಬ್ಬರು ವಾಪಸು ಬಂದು ತಮ್ಮ ಚೀಲವನ್ನೂ ತಕ್ಕಡಿಯ ಮೇಲಿಟ್ಟು, "ನನ್ನ ಮೇಲೂ ಒಂಚೂರು ಅನುಮಾನ ಪಡಪ್ಪ," ಎಂದರು.