ಹುಲಿ ಗಣತಿ

ಬೆಟ್ಟದ ನೆತ್ತಿಯ ಅಭಯಾರಣ್ಯ ನೋಡೋಣ ಬಾ ಎಂದು ಮರಿಸ್ವಾಮಿಯೇ ತಂಗಿಯ ಗಂಡನನ್ನು ಕರೆತಂದಿದ್ದ. ದಾರಿ ತೋರಿಸುತ್ತಿದ್ದ ಕಾವಲುಗಾರ ಕೇತೇಗೌಡ ನೀರು ತರಲು ತೊರೆಗೆ ಇಳಿದ ಮೇಲೆ ಆ ಮಂಜಿನ ಕಾಲುದಾರಿಯಲ್ಲಿ ಇಬ್ಬರೇ ಉಳಿದರು.

"ಅವಳ ಕೈ ಯಾಕೆ ಮುರಿದೆ?"

"ನಿಮ್ಮ ತಂಗಿಗೆ ಬಾಯಿ ಜಾಸ್ತಿ. ಇನ್ನೊಂದು ಕೈ ಇದೆಯಲ್ಲ, ಬಿಡಿ ಭಾವ," ಎಂದು ಅವನು ನಕ್ಕ.

ಮರಿಸ್ವಾಮಿ ಎರಡೂ ಕೈಯಲ್ಲಿ ಕಲ್ಲೆತ್ತಿ ಆ ನಗುವಿನ ಮೇಲೆಯೇ ಹೊಡೆದ. ಬಿದ್ದವನ ಮುಖ ಮುಖವಾಗಿ ಉಳಿಯದ ಹಾಗೆ ಜಜ್ಜಿದ. ಉಸಿರು ನಿಂತಿತೆಂದು ತಲೆಯೆತ್ತಿದರೆ, ಪಕ್ಕದ ಮರಕ್ಕೆ ಮೊಣಕಾಲೆತ್ತರದಲ್ಲಿ ಕಟ್ಟಿದ್ದ ಕ್ಯಾಮೆರಾ ಅವನನ್ನೇ ನೋಡುತ್ತಿತ್ತು. ಅದನ್ನು ಕಿತ್ತು, ಅದೇ ಕಲ್ಲಿನಿಂದ ಪುಡಿಪುಡಿ ಮಾಡಿ, ಕಲ್ಲನ್ನು ಕಮರಿಗೆ ಎಸೆದ. ಆಮೇಲೆ "ಆನೆ! ಆನೆ!" ಎಂದು ಗಂಟಲು ಹರಿಯುವಂತೆ ಕೂಗಿದ.

ಕೇತೇಗೌಡ ಏದುಸಿರು ಬಿಡುತ್ತ ಓಡಿಬಂದ. ಹೆಣ ನೋಡಿದ. ಚೂರಾದ ಕ್ಯಾಮೆರಾ ನೋಡಿದ. ಒದ್ದೆ ಮಣ್ಣಿನಲ್ಲಿ ಹೆಜ್ಜೆ ಹುಡುಕಿದ.

"ಆನೆ ಇದನ್ಯಾಕ್ ಒಡೀತು ಸಾ?"

"ಸೊಂಡಿಲಲ್ಲಿ ಕಿತ್ತು ತುಳಿದುಹಾಕ್ತು. ಅಲ್ಲಯ್ಯಾ, ಕಾಡಲ್ಲಿ ಇದನ್ನ ಯಾಕೆ ಕಟ್ಟಿದ್ರಿ?"

"ಹುಲಿ ಗಣತಿಗೆ ಸಾ. ಮೈಮೇಲಿನ ಪಟ್ಟೆ ನೋಡಿ ಇದು ಯಾವ ಹುಲಿ ಅಂತ ಗುರ್ತು ಹಿಡೀತಾರೆ. ಎಡಗಡೆ ಪಟ್ಟೆ ಇದ್ದಂಗೆ ಬಲಗಡೆ ಇರಾಕಿಲ್ಲ."

ಕೇತೇಗೌಡ ದಾರಿ ದಾಟಿ, ಎದುರಿನ ಮರದ ಬುಡದಲ್ಲಿ ಕೂತು, ಸೊಪ್ಪು ಸರಿಸಿದ.

"ಅದ್ಕೇ ಯಾವಾಗ್ಲೂ ದಾರಿ ಆ ಕಡೆ ಒಂದು, ಈ ಕಡೆ ಒಂದು ಕಟ್ತೀವಿ ಸಾ."