ರಾಹುಕಾಲ ದಾಟಿದ ಗಡಿಯಾರ

"ಏಳನೇ ಕ್ಲಾಸಿಗೇ ಚೀಲ ಎಸೆದು ಓಡಿಬಂದವನು. ಇವನ ತಲೇನೇ ನೆಟ್ಟಗೆ ಓಡಲ್ಲ, ಗಡಿಯಾರ ಓಡಿಸ್ತಾನಂತೆ!"

ಪುರಸಭೆ ಅಧ್ಯಕ್ಷರು ಮೈಕಿನಲ್ಲೇ ಅಂದರು. ಶಾಮಿಯಾನದಡಿ ಕೂತಿದ್ದ ಊರೆಲ್ಲ ಗೊಳ್ಳೆಂದು ನಕ್ಕಿತು. ಕೆಟ್ಟಿದ್ದ ಗಡಿಯಾರವನ್ನು ರಿಪೇರಿ ಮಾಡಿ ಗೋಪುರದ ಬಾಗಿಲಲ್ಲಿ ನಿಂತಿದ್ದ ಅವನು ಹಲ್ಲು ಕಚ್ಚಿಕೊಂಡ. ಅಜ್ಜನ ಕಾಲದಿಂದ ಮೂಕವಾಗಿದ್ದ ಗಂಟೆಯನ್ನು ಒಮ್ಮೆ ಇವರ ಕಿವಿಗೆ ಕೇಳಿಸಿಬಿಟ್ಟರೆ ಸಾಕಿತ್ತು ಅವನಿಗೆ. ಆದರೆ ಮಂತ್ರಿಗಳು ಉದ್ಘಾಟಿಸುವ ತನಕ ಗಂಟೆಯ ಸುತ್ತಿಗೆ ಕಟ್ಟಿಡಬೇಕೆಂದು ಅಪ್ಪಣೆಯಾಗಿತ್ತು.

ಹತ್ತಕ್ಕೆ ಬರಬೇಕಿದ್ದ ಮಂತ್ರಿಗಳ ಕಾರು ಹನ್ನೊಂದು ದಾಟಿದ ಮೇಲೆ ಬಂತು. ಶುಕ್ರವಾರ, ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ. ಮಂತ್ರಿಗಳು ಕೆಳಗಿಳಿಯಲೊಲ್ಲದೆ, ಗಾಜು ಏರಿಸಿಕೊಂಡು ಒಳಗೇ ಗೊರಕೆ ಹೊಡೆಯತೊಡಗಿದರು.

ಅಧ್ಯಕ್ಷರು ಗೋಪುರಕ್ಕೆ ಓಡಿಬಂದರು. "ಮಾರಾಯ, ಜನ ಎದ್ದು ಹೋಗ್ತಿದಾರೆ. ಮುಳ್ಳನ್ನ ಹಿಂದಕ್ಕೆ, ಹತ್ತಕ್ಕೆ ತಿರುಗಿಸಪ್ಪಾ."

"ಹಿಂದಕ್ಕೆ ತಿರುಗಿಸಿದ್ರೆ ಚಕ್ರದ ಹಲ್ಲು ಮುರೀತವೆ."

"ಹಂಗಾದ್ರೆ ಮುಂದಕ್ಕೆ ತಿರುಗಿಸು, ರಾಹುಕಾಲ ದಾಟಿಸಿಬಿಡು! ನಮ್ಮೂರಲ್ಲಿ ಈ ಗಡಿಯಾರ ಹೇಳಿದ್ದೇ ಟೈಮು."

ಅವನು ಮೇಲೆ ಹತ್ತಿ, ಸುತ್ತಿಗೆಯ ಕಟ್ಟು ಬಿಚ್ಚಿ, ಮುಳ್ಳು ತಿರುಗಿಸಿದ. ಗಂಟೆ ಹನ್ನೆರಡು ಹೊಡೆಯಿತು. ಪಾರಿವಾಳಗಳು ದಿಗಿಲುಬಿದ್ದು ಹಾರಿದವು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮಂತ್ರಿಗಳು ಬೆಚ್ಚಿಬಿದ್ದು ಗಾಜು ಇಳಿಸಿದರು. "ಅಯ್ಯಯ್ಯೋ, ಹನ್ನೆರಡಾಯ್ತಾ! ಹನ್ನೆರಡಕ್ಕೇ ಅಲ್ವೇನ್ರೀ ನಮ್ಮ ಬೀಗರ ಗೃಹಪ್ರವೇಶ! ನಡಿಯೋ, ನಡಿ!"

ಕಾರು ಧೂಳೆಬ್ಬಿಸಿಕೊಂಡು ಹೊರಟೇ ಹೋಯಿತು. ಹಾರ ಹಿಡಿದುಕೊಂಡೇ ಅಧ್ಯಕ್ಷರು, ಮೆಟ್ಟಿಲಿಳಿದು ಬಂದವನ ಮೇಲೆ ಹರಿಹಾಯ್ದರು: "ಏಯ್, ನಿಜವಾದ ಟೈಮು ಎಷ್ಟೋ ಈಗ?"

ಅವನು ಸಾಮಾನಿನ ಚೀಲ ಹೆಗಲಿಗೇರಿಸಿ, ಗೋಪುರದ ಗಡಿಯಾರದ ಕಡೆ ಬೆರಳು ತೋರಿಸಿ ನಡೆದುಬಿಟ್ಟ.